ಬೇರೆ ಮನೆ ಮಾಡ್ತೀನಿ ಅಂತಾನೆ ಮಗ

ಪ್ರಶ್ನೆ: ನನ್ನ ಮಗನಿಗೆ 24 ವರ್ಷ, ವೀಲ್‌ಚೇರ್ ಬಳಸುತ್ತಾನೆ. ಅವನಂತೆಯೇ ಅಂಗವೈಕಲ್ಯ ಇರುವ ಮೂವರು ಗೆಳೆಯರ ಜೊತೆ ಬೇರೆ ಇರ್ತೀನಿ ಅಂತಾನೆ. ನಾವು ಹೆತ್ತವರೇ ಸೇರಿ ಮನೆ ಮಾಡಿಕೊಟ್ಟು ನೋಡಿಕೊಳ್ಳಬಹುದಲ್ವಾ?

ಉತ್ತರ: ಮನೆ ಮಾಡಿಕೊಡಿ, 'ನೋಡಿಕೊಳ್ಳುವುದು' ಮಾತ್ರ ಸ್ವಲ್ಪ ಕಮ್ಮಿ ಇರಲಿ. ಎಷ್ಟು ಹೊತ್ತಿಗೆ ಏಳಬೇಕು, ಮನೆಗೆ ಯಾರು ಬರಬಹುದು ಅನ್ನೋದನ್ನೂ ನೀವೇ ತೀರ್ಮಾನಿಸಿದರೆ ಅದು ಹಾಸ್ಟೆಲ್ ಆಗುತ್ತೆ, ಅಷ್ಟೆ. ಎಲ್ಲಿ, ಯಾರ ಜೊತೆ ಇರಬೇಕು ಅನ್ನೋದು ಅಂಗವಿಕಲರದೇ ಆಯ್ಕೆ ಅಂತ ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಹೇಳುತ್ತದೆ.

ಮನೆ ನೋಡುವಾಗ ಟೇಪ್ ಹಿಡಿದು ಹೋಗಿ. ಬಾಗಿಲು 90 ಸೆಂಟಿಮೀಟರ್ ಇದ್ದರೆ ಒಳ್ಳೆಯದು, ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು, ಒಂದು ಅಡಿ ಎತ್ತರಕ್ಕೆ ರ‍್ಯಾಂಪ್ ಹನ್ನೆರಡು ಅಡಿಯಾದರೂ ಇರಲಿ. ಬಚ್ಚಲಿನ ಬಾಗಿಲು ಹೊರಗೆ ತೆರೆಯಬೇಕು, ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅವರಿಗೇ ತಾಗಿ ನಿಂತುಬಿಡುತ್ತದೆ.

ನಿಜವಾದ ಜಗಳ ಶುರುವಾಗೋದು ಬೆಳಿಗ್ಗೆ. ನಾಲ್ವರಿಗೂ ಒಂದೇ ಹೊತ್ತಿಗೆ ಏಳಲು, ಸ್ನಾನಕ್ಕೆ ಸಹಾಯ ಬೇಕು, ಸಹಾಯಕ ಇರೋದು ಒಬ್ಬನೇ ಅಂದ್ರೆ ಏನು ಮಾಡ್ತೀರಿ? ಆ ಸರದಿಯನ್ನು ಹುಡುಗರೇ ಕೂತು ಬರೆಯಲಿ, ಸಹಾಯಕನನ್ನೂ ಅವರೇ ಆರಿಸಲಿ. ಬಾಡಿಗೆ ಕರಾರು ಬೇರೆ, ಸಹಾಯದ ಕರಾರು ಬೇರೆ ಇರಲಿ. ಸಹಾಯಕನ ಜೊತೆ ಜಗಳವಾದರೆ ಮನೆಯೇ ಹೋಗಬಾರದು ನೋಡಿ.

ಒಂದು ತಿಂಗಳು ಇದ್ದು ನೋಡಲಿ. ನಿಮ್ಮ ಹತ್ತಿರ ಇನ್ನೊಂದು ಬೀಗದ ಕೈ ಇದ್ದರೂ ಪರವಾಗಿಲ್ಲ, ಆದರೆ ಹೋದಾಗ ಬೆಲ್ ಒತ್ತಿ.