ಲ್ಯುಕೇಮಿಯಾ ವೈರಸ್ ಇರುವ ಬೆಕ್ಕಿನ ಮರಿಗಳನ್ನು ಯಾರಿಗೆ ಕೊಡಬಹುದು?

ಪ್ರಶ್ನೆ: ಮೂರು ವಾರಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ತಾಯಿಯಿಲ್ಲದ ಮೂರು ಬೆಕ್ಕಿನ ಮರಿಗಳು ಸಿಕ್ಕವು. ರಕ್ತ ಪರೀಕ್ಷೆಯಲ್ಲಿ ಎರಡಕ್ಕೆ ಫೀಲೈನ್ ಲ್ಯುಕೇಮಿಯಾ ಪಾಸಿಟಿವ್, ಒಂದಕ್ಕೆ ನೆಗೆಟಿವ್ ಬಂದಿದೆ. ಮೂರೂ ಚೆನ್ನಾಗಿ ತಿಂದುಕೊಂಡು ಆಡುತ್ತಿವೆ. ನಮ್ಮಲ್ಲಿ ಆರು ವರ್ಷದ ಬೆಕ್ಕೊಂದಿದೆ. ಮರಿ ಬೇಕೆಂದು ಬಂದವರು ಕಾಯಿಲೆಯ ಹೆಸರು ಕೇಳಿದೊಡನೆ ಹಿಂದೆ ಸರಿಯುತ್ತಾರೆ. ದಯಾಮರಣವೇ ಮೇಲೆಂದು ಕೆಲವರು, ಹೇಳದೆ ಕೊಟ್ಟುಬಿಡಿ ಎಂದು ಕೆಲವರು ಸಲಹೆ ಮಾಡುತ್ತಾರೆ. ಏನು ಮಾಡಲಿ? – ಓದುಗರು, ಮೈಸೂರು

ಉತ್ತರ: ನಿಮಗೆ ಬಂದಿರುವ ಎರಡು ಸಲಹೆಗಳನ್ನೂ ದಯವಿಟ್ಟು ಪಕ್ಕಕ್ಕಿಡಿ. ಒಂದು ಪರೀಕ್ಷೆಯ ಫಲಿತಾಂಶವನ್ನಷ್ಟೇ ನೋಡಿ ಆಡುವ ಮರಿಗೆ ದಯಾಮರಣ ಕೊಡಬೇಕಾಗಿಲ್ಲ. ಅಮೆರಿಕದ ಬೆಕ್ಕು ವೈದ್ಯರ ಸಂಘವು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ನಿಲುವೂ ಇದೇ. ಇನ್ನು ಮುಚ್ಚಿಟ್ಟು ಕೊಟ್ಟರೆ, ಮರಿಯನ್ನು ನಂಬಿ ಒಯ್ದವರ ಮನೆಯ ಇತರ ಬೆಕ್ಕುಗಳಿಗೂ ಸೋಂಕು ತಗುಲಬಹುದು.

ಜನರನ್ನು ಹೆದರಿಸುತ್ತಿರುವುದು ಬಹುಮಟ್ಟಿಗೆ ‘ಲ್ಯುಕೇಮಿಯಾ’, ಅಂದರೆ ರಕ್ತದ ಕ್ಯಾನ್ಸರ್, ಎಂಬ ಹೆಸರು. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಜಾರೆಟ್ ಮತ್ತು ಅವರ ಸಹೋದ್ಯೋಗಿಗಳು ಕ್ಯಾನ್ಸರ್ ಬಂದಿದ್ದ ಬೆಕ್ಕುಗಳಲ್ಲಿ ಈ ವೈರಸ್ಸನ್ನು ಗುರುತಿಸಿದ್ದರಿಂದ ಆ ಹೆಸರು ಉಳಿಯಿತು. ಆದರೆ ಸೋಂಕಿರುವ ಬೆಕ್ಕುಗಳನ್ನು ಕಾಡುವುದು ಕ್ಯಾನ್ಸರ್ ಮಾತ್ರವಲ್ಲ. ರಕ್ತಹೀನತೆ ಮತ್ತು ರೋಗನಿರೋಧಕ ಶಕ್ತಿ ಕುಗ್ಗುವುದರಿಂದ ಅಂಟಿಕೊಳ್ಳುವ ಇತರ ಸೋಂಕುಗಳೂ ಅಷ್ಟೇ ಕಾಡುತ್ತವೆ. ಇದು ಮನುಷ್ಯರಿಗಾಗಲಿ ನಾಯಿಗಾಗಲಿ ಹರಡುವುದಿಲ್ಲ. ಮರಿ ನೋಡಲು ಬಂದವರಿಗೆ ಮೊದಲು ಈ ಮಾತನ್ನೇ ಹೇಳಿ, ಕಾಯಿಲೆಯ ಹೆಸರನ್ನು ಆಮೇಲೆ ಹೇಳಿ.

ಮನೆ ಹುಡುಕುವ ಮೊದಲು ಇನ್ನೊಂದು ಪರೀಕ್ಷೆ ಆಗಲೇಬೇಕು. ಕ್ಲಿನಿಕ್ಕಿನ ಕಿಟ್ ಹುಡುಕುವುದು ವೈರಸ್ಸಿನದೇ ಪ್ರೋಟೀನನ್ನು, ತಾಯಿಯಿಂದ ಬಂದ ಪ್ರತಿಕಾಯಗಳನ್ನಲ್ಲ; ಆದ್ದರಿಂದ ಎಳೆಯ ಮರಿಗಳಲ್ಲೂ ಅದನ್ನು ಮಾಡಬಹುದು. ಆದರೆ ಸೋಂಕು ತಗುಲಿದ ಆರಂಭದಲ್ಲಿ ರಕ್ತದಲ್ಲಿ ಕಾಣಿಸಿಕೊಂಡ ವೈರಸ್ಸನ್ನು ಕೆಲವು ಬೆಕ್ಕುಗಳ ದೇಹ ಹತ್ತಿಕ್ಕುತ್ತದೆ. ಹಾಗೆ ಹತ್ತಿಕ್ಕಿದ ಬೆಕ್ಕುಗಳು ಬಹುಕಾಲ ಆರೋಗ್ಯವಾಗಿ ಬದುಕಬಲ್ಲವು. ಸುಮಾರು ಮೂವತ್ತು ದಿನ ಬಿಟ್ಟು ಮೂರೂ ಮರಿಗಳ ರಕ್ತವನ್ನು ಮತ್ತೆ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಪಿಸಿಆರ್ ಪರೀಕ್ಷೆಯನ್ನೂ ಸೇರಿಸಿ. ನೆಗೆಟಿವ್ ಬಂದ ಮರಿಯೂ ಉಳಿದೆರಡರ ಜೊತೆ ಒಂದೇ ತಟ್ಟೆಯಲ್ಲಿ ತಿಂದಿರುವುದರಿಂದ ಅದರ ಫಲಿತಾಂಶವೂ ಇನ್ನೂ ಅಂತಿಮವಲ್ಲ. ಅದನ್ನು ಇಂದೇ ಬೇರೆ ಕೋಣೆಗೆ ಸೇರಿಸಿ.

ವೈರಸ್ ಮುಖ್ಯವಾಗಿ ಹರಡುವುದು ಜೊಲ್ಲಿನಿಂದ. ಒಂದು ಬೆಕ್ಕು ಇನ್ನೊಂದರ ಕಿವಿಯ ಹಿಂದೆ ನೆಕ್ಕಿ ಸ್ವಚ್ಛಗೊಳಿಸುವ ಆ ಅಕ್ಕರೆಯ ಕೆಲಸವೇ ಅದಕ್ಕೆ ದಾರಿ. ಒಂದೇ ಬಟ್ಟಲಿನ ನೀರು, ಕಚ್ಚಾಟ, ತಾಯಿಯ ಗರ್ಭ ಮತ್ತು ಹಾಲು ಉಳಿದ ದಾರಿಗಳು. ದೇಹದಿಂದ ಹೊರಬಿದ್ದ ವೈರಸ್ ಒಣಗಿದ ಜಾಗದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಸಾಬೂನಿಗೂ ತಾಳದು. ಮರಿಗಳನ್ನು ಮುಟ್ಟಿದ ಮೇಲೆ ಕೈ ತೊಳೆದು, ತಟ್ಟೆಗಳನ್ನು ಬೇರೆಯಿಟ್ಟರೆ ಸಾಕು. ವಯಸ್ಸಾದ ಬೆಕ್ಕಿಗೆ ಅಪಾಯ ಮರಿಗಿಂತ ಕಡಿಮೆ, ಆದರೆ ಇಲ್ಲವೆಂದಲ್ಲ. ನಿಮ್ಮ ಬೆಕ್ಕಿಗೂ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವ ‘ಟ್ರೈಕ್ಯಾಟ್’ ಲಸಿಕೆ ಈ ರೋಗವನ್ನು ತಡೆಯುವುದಿಲ್ಲ ಎಂಬುದು ಎಷ್ಟೋ ಬೆಕ್ಕು ಸಾಕುವವರಿಗೆ ಗೊತ್ತಿರುವುದಿಲ್ಲ.

ಎರಡನೇ ಪರೀಕ್ಷೆಯಲ್ಲೂ ಎರಡು ಮರಿಗಳು ಪಾಸಿಟಿವ್ ಎಂದೇ ಬಂದರೆ, ನನ್ನ ಮಟ್ಟಿಗೆ ಅವುಗಳನ್ನು ಜೋಡಿಯಾಗಿಯೇ ಕೊಡಬೇಕು. ಬೇರೆ ಬೆಕ್ಕಿಲ್ಲದ, ಬೆಕ್ಕನ್ನು ಹೊರಗೆ ಬಿಡದ ಮನೆ ನಿಮಗೆ ಬೇಕು. ಈಗಾಗಲೇ ಇದೇ ಸೋಂಕಿರುವ ಬೆಕ್ಕನ್ನು ಸಾಕುತ್ತಿರುವವರೂ ಆಗಬಹುದು. ನಾಯಿ ಇದ್ದರೆ ಅಡ್ಡಿಯಿಲ್ಲ. ಇಂಥ ಮನೆಗಳು ಸಿಗುತ್ತವೆ; ಟೆಕ್ಸಾಸಿನ ‘ಆಸ್ಟಿನ್ ಪೆಟ್ಸ್ ಅಲೈವ್’ ಸಂಸ್ಥೆ ಈ ಸೋಂಕಿನ ಬೆಕ್ಕುಗಳಿಗೆಂದೇ ದತ್ತು ಕಾರ್ಯಕ್ರಮ ನಡೆಸುತ್ತಾ ಬಂದಿದೆ. ನಮ್ಮಲ್ಲಿ ಒಬ್ಬರೇ ಬಾಡಿಗೆಗಿರುವವರು, ಮಕ್ಕಳು ದೂರದ ಊರಿನಲ್ಲಿರುವ ನಿವೃತ್ತ ದಂಪತಿಗಳು ಇದಕ್ಕೆ ಒಪ್ಪುವುದನ್ನು ನಾನು ಕಂಡಿದ್ದೇನೆ. ಮನೆಗೆ ಹೋಗಿ ಬಾಲ್ಕನಿಯನ್ನು ಕಣ್ಣಾರೆ ನೋಡಿ. ಪಾರಿವಾಳ ಬಾರದಂತೆ ಕಟ್ಟುವ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು. ಅಲ್ಲಿಗೆ ತಂತಿ ಜಾಲರಿ ಬೇಕು.

ಒಯ್ಯುವವರಿಗೆ ಆಯುಸ್ಸಿನ ಮಾತನ್ನೂ ಹೇಳಲೇಬೇಕು. ವೈರಸ್ಸನ್ನು ಹತ್ತಿಕ್ಕಲಾಗದ ಬೆಕ್ಕುಗಳಲ್ಲಿ ಹೆಚ್ಚಿನವು ಸುಮಾರು ಮೂರು ವರ್ಷಗಳೊಳಗೆ ತೀರಿಕೊಳ್ಳುತ್ತವೆ, ಕೆಲವು ಅದಕ್ಕಿಂತ ಬಹಳ ಹೆಚ್ಚು ಬದುಕುತ್ತವೆ. ವೈರಸ್ಸನ್ನು ದೇಹದಿಂದ ತೆಗೆದುಹಾಕುವ ಔಷಧವಿಲ್ಲ. ಎರಡೂ ಪರೀಕ್ಷೆಗಳ ವರದಿಯನ್ನು ಕೈಗೆ ಕೊಟ್ಟು, ವಿಷಯ ತಿಳಿದೇ ಒಯ್ಯುತ್ತಿದ್ದೇವೆ ಎಂದು ಬರೆಸಿಕೊಳ್ಳಿ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮರಿ ಕೊಡುವ ಮೊದಲೇ ನೀವು ಮಾಡಿಸಿಬಿಟ್ಟರೆ ಅವರ ಅರ್ಧ ಹಿಂಜರಿಕೆ ಕಡಿಮೆಯಾಗುತ್ತದೆ.

ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಬೇಕು, ಹಸಿ ಮಾಂಸ, ಹಸಿ ಮೀನು ಕೊಡಬಾರದು. ಒಯ್ಯುವವರ ಮುಂದೆಯೇ ಮರಿಯ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ವಸಡನ್ನು ತೋರಿಸಿ: ತೆಳು ಗುಲಾಬಿ ಬಣ್ಣವಿದ್ದರೆ ಸರಿ, ಸುಣ್ಣ ಬಳಿದಂತೆ ಬಿಳಿಚಿಕೊಂಡಿದ್ದರೆ ರಕ್ತಹೀನತೆ. ವಾರಕ್ಕೊಮ್ಮೆ ಹೀಗೆ ನೋಡಲಿ. ವಸಡು ಬಿಳಿಚಿದರೆ, ಉಸಿರು ಏದುಸಿರಾದರೆ ಅಥವಾ ಒಂದು ದಿನ ಊಟ ಬಿಟ್ಟರೆ, ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರಲ್ಲಿಗೆ ಒಯ್ಯಲಿ. ಮತ್ತು ಆ ಹೊತ್ತಿನಲ್ಲಿ ಅವರು ಮೊದಲು ಕರೆ ಮಾಡಬೇಕಾದ ನಂಬರು ನಿಮ್ಮದೇ ಆಗಿರಲಿ.