ರಾ ಫೈಲ್ ತೆರೆದ ಕೂಡಲೇ ಬಣ್ಣ ಮಂಕಾಗುವುದೇಕೆ?

ಪ್ರಶ್ನೆ: ಸರ್, ನನ್ನದು ಕ್ಯಾನನ್ ಆರ್50. ರಾ ಫೈಲನ್ನು ಲೈಟ್‌ರೂಮ್‌ನಲ್ಲಿ ತೆರೆದರೆ ಮೊದಲು ಚೆನ್ನಾಗಿ ಕಾಣುತ್ತದೆ, ಕ್ಷಣದಲ್ಲೇ ಮಂಕಾಗುತ್ತದೆ. ಬೇರೆ ಯಾವ ಸಾಫ್ಟ್‌ವೇರ್ ಕೊಳ್ಳಲಿ?

ಉತ್ತರ: ಯಾವುದನ್ನೂ ಕೊಳ್ಳಬೇಡಿ. ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಕ್ಯಾಮೆರಾ ಹೆಸರು ಮಾತ್ರ ಬೇರೆ. ರಾ ಅಂದರೆ ಸೆನ್ಸರ್ ಹಿಡಿದ ಕಚ್ಚಾ ಮಾಹಿತಿ. ನೀವು ಮೊದಲು ನೋಡಿದ್ದು ರಾ ಅಲ್ಲವೇ ಅಲ್ಲ. ಫೈಲಿನೊಳಗೆ ಕ್ಯಾಮೆರಾ ತಾನೇ ತಯಾರಿಸಿದ ಒಂದು ಜೆಪೆಗ್ ಕೂತಿರುತ್ತದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಾಣುವುದೂ ಅದೇ. ಪಿಕ್ಚರ್ ಸ್ಟೈಲ್ (ಕ್ಯಾಮೆರಾದ ಬಣ್ಣದ ಸೆಟ್ಟಿಂಗ್) ಕೊಟ್ಟ ಬಣ್ಣ, ಕಾಂಟ್ರಾಸ್ಟ್ ಎಲ್ಲ ಅದರಲ್ಲಿ ಸೇರಿರುತ್ತದೆ. ಲೈಟ್‌ರೂಮ್ ಅದನ್ನು ಬದಿಗಿಟ್ಟು, ಸೆನ್ಸರಿನ ಮಾಹಿತಿಯಿಂದ ತನ್ನ ಲೆಕ್ಕದಲ್ಲಿ ಚಿತ್ರ ಕಟ್ಟುತ್ತದೆ. ಪ್ರೊಫೈಲ್ ಪಟ್ಟಿಯಲ್ಲಿ 'ಕ್ಯಾಮೆರಾ ಮ್ಯಾಚಿಂಗ್' ಗುಂಪಿನಿಂದ ಒಂದನ್ನು ಆರಿಸಿ, ಬಣ್ಣ ಬಹುಮಟ್ಟಿಗೆ ಹತ್ತಿರ ಬರುತ್ತದೆ. ಇನ್ನೂ ಕತ್ತಲೆ ಅನಿಸಿದರೆ ಕ್ಯಾಮೆರಾದಲ್ಲಿ 'ಆಟೋ ಲೈಟಿಂಗ್ ಆಪ್ಟಿಮೈಜರ್' ಆನ್ ಇದೆಯಾ ನೋಡಿ. ಅದು ಜೆಪೆಗ್ಗನ್ನು ಬೆಳಗಿಸುತ್ತದೆ, ಲೈಟ್‌ರೂಮ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕ್ಯಾಮೆರಾದ ಬಣ್ಣವೇ ಬೇಕು ಅಂದರೆ ಕ್ಯಾನನ್‌ನದೇ ಸಾಫ್ಟ್‌ವೇರ್ ಡಿಪಿಪಿ ಇದೆ. ಉಚಿತ. ನಿಧಾನ, ನೋಡಲು ಹಳೇ ಕಾಲದ್ದು, ಆದರೆ ಪಿಕ್ಚರ್ ಸ್ಟೈಲನ್ನು ಹಾಗೇ ಓದುತ್ತದೆ. ನಿಕಾನ್‌ನವರಿಗೆ ಎನ್‌ಎಕ್ಸ್ ಸ್ಟುಡಿಯೊ ಇದೆ. ಇವನ್ನು ಮುಟ್ಟಿಯೂ ನೋಡದೆ ಬೇರೆ ಸಾಫ್ಟ್‌ವೇರ್‌ಗೆ ಚಂದಾ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬದಲಿಸಲೇಬೇಕು ಅನ್ನುವವರು ಯೂಟ್ಯೂಬ್ ಹೋಲಿಕೆ ನಂಬಬೇಡಿ. ನಿಮ್ಮದೇ ಕೆಟ್ಟ ಫೈಲೊಂದನ್ನು ತೆಗೆದುಕೊಳ್ಳಿ: ಮದುವೆ ಮಂಟಪದ ಹಳದಿ ಬೆಳಕು, ಐಎಸ್ಒ 6400. ಅದನ್ನು ಡಿಎಕ್ಸ್ಒ, ಕ್ಯಾಪ್ಚರ್ ಒನ್ ಟ್ರಯಲ್‌ಗಳಲ್ಲಿ, ಉಚಿತ ಡಾರ್ಕ್‌ಟೇಬಲ್‌ನಲ್ಲಿ ತೆರೆದು ನೋಡಿ. ಡಾರ್ಕ್‌ಟೇಬಲ್ ಕಲಿಯಲು ತಾಳ್ಮೆ ಬೇಕು, ಸುಮ್ನೆ ಸುಲಭ ಅಂತ ಹೇಳಲ್ಲ. ಒಂದರಲ್ಲಿ ಮಾಡಿದ ಎಡಿಟ್ ಇನ್ನೊಂದಕ್ಕೆ ಸರಿಯಾಗಿ ಬರುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್‌ನ ಚಂದಾ ನಿಂತರೆ ಎಡಿಟ್ ಮಾಡುವ ಡೆವಲಪ್ ಭಾಗಕ್ಕೆ ಬೀಗ ಬೀಳುತ್ತದೆ. ಹಾಗಾಗಿ ಮುಖ್ಯ ಚಿತ್ರಗಳ 16 ಬಿಟ್ ಟಿಫ್ ಪ್ರತಿಯನ್ನು (ಎಡಿಟ್ ಸೇರಿಸಿಯೇ ಉಳಿಸಿದ ಚಿತ್ರ) ಬೇರೆ ಡಿಸ್ಕಿನಲ್ಲಿ ಇಡಿ. ಇದು ನನ್ನ ಅಂಜುಬುರುಕತನ ಅನ್ನಿ, ಪರವಾಗಿಲ್ಲ.

ಪ್ರಶ್ನೆ: ಲೈಟ್‌ರೂಮ್ 6ರಲ್ಲಿ ಕ್ಯಾನನ್‌ನ ಸಿಆರ್3 ರಾ ಫೈಲ್ ತೆರೆಯುತ್ತಿಲ್ಲ.

ಉತ್ತರ: ಅದರ ಅಪ್‌ಡೇಟ್ ನಿಂತದ್ದು 2017ರಲ್ಲಿ, ಸಿಆರ್3 ಬಂದದ್ದು 2018ರಲ್ಲಿ. ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ಬಳಸಿ, ಸಿಆರ್3ಯನ್ನು ಲೈಟ್‌ರೂಮ್ 6 ಓದಬಲ್ಲ ಡಿಎನ್‌ಜಿ ಫೈಲಾಗಿ ಬದಲಿಸಿಕೊಳ್ಳಿ.

ಪ್ರಶ್ನೆ: ಜೆಪೆಗ್ಗನ್ನು ರಾ ಮಾಡುವ ಆ್ಯಪ್ ಹೇಳಿ.

ಉತ್ತರ: ಇಲ್ಲ. 14 ಬಿಟ್ ರಾನಲ್ಲಿ ಪ್ರತಿ ಬಣ್ಣಕ್ಕೆ ಬೆಳಕಿನ 16,384 ಹಂತ, ಜೆಪೆಗ್ಗಿನಲ್ಲಿ 256. ಕಳೆದದ್ದು ಮರಳಿ ಬರಲ್ಲ. ಬರುತ್ತೆ ಅನ್ನುವವನು ನಿಮ್ಮ ದುಡ್ಡಿಗೆ ಕೈ ಹಾಕಿದ್ದಾನೆ.

ಪ್ರಶ್ನೆ: ಸಾವಿರ ಪ್ರಿಸೆಟ್ (ಸಿದ್ಧ ಎಡಿಟ್ ಸೆಟ್ಟಿಂಗ್) 99 ರೂಪಾಯಿಗೆ ಸಿಗ್ತಿದೆ, ಜೊತೆಗೆ ಕ್ರ್ಯಾಕ್ ಮಾಡಿದ ಲೈಟ್‌ರೂಮ್ ಉಚಿತ. ತಗೊಳ್ಳಲಾ?

ಉತ್ತರ: ವೈರಸ್ಸೂ ಉಚಿತವಾಗಿಯೇ ಬರುತ್ತದೆ. ಬೇಡ.