ನಿಂತ ಪೆನ್ಸಿಲ್ ಪರದೆಯಲ್ಲಿ ಕಾಣುವುದಿಲ್ಲ

ಓದುಗರ ಪತ್ರ: “ಮತ್ತೊಮ್ಮೆ ಸಾಂಕ್ರಾಮಿಕ ರೋಗ ಬಂದರೂ ಶಾಲೆಗಳನ್ನು ಬೇಗ ತೆರೆಯಬೇಕೆಂದು ಬರೆದಿದ್ದೀರಿ. ಜೀವ ಉಳಿದರೆ ಪಾಠ ಎಂದಾದರೂ ಕಲಿಯಬಹುದು. ಕೋವಿಡ್ ಕಾಲದಲ್ಲಿ ಹತ್ತನೆಯ ತರಗತಿಯಲ್ಲಿದ್ದ ನನ್ನ ಮಗ, ಎರಡನೆಯ ತರಗತಿಯಲ್ಲಿದ್ದ ಮಗಳು ಆನ್‌ಲೈನ್‌ನಲ್ಲೇ ಕಲಿತರು. ಅದರಿಂದ ಏನು ಕಡಿಮೆಯಾಯಿತು?” – ಒಬ್ಬ ತಾಯಿ

ಉತ್ತರ:

ಮಾನ್ಯರೇ,

ರೋಗ ಯಾರನ್ನು ಹೆಚ್ಚು ಕಾಡುತ್ತದೆ, ಹೇಗೆ ಹರಡುತ್ತದೆ ಎಂಬುದು ತಿಳಿಯದ ಮೊದಲ ವಾರಗಳಲ್ಲಿ ಶಾಲೆ ಮುಚ್ಚುವುದು ವಿವೇಕವೇ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದಾಗ ನಿರ್ಧಾರ ನನ್ನದಾಗಿದ್ದರೂ ಶಾಲೆಗಳಿಗೆ ಬೀಗ ಹಾಕಿ ಎಂದೇ ಹೇಳುತ್ತಿದ್ದೆ. ನನ್ನ ತಕರಾರು ಆಮೇಲಿನದು. ವಾರಗಳಿಗೆಂದು ಹಾಕಿದ ಬೀಗ ತಿಂಗಳುಗಟ್ಟಲೆ ಉಳಿಯಿತು. “ಆನ್‌ಲೈನ್ ಇದೆಯಲ್ಲ” ಎಂಬ ಸಮಾಧಾನ ಅದನ್ನು ತೆಗೆಯುವ ಅವಸರವನ್ನೇ ಕಳೆಯಿತು. ಉಗಾಂಡದಲ್ಲಿ ಶಾಲೆಗಳು ಪೂರ್ತಿಯಾಗಿ ತೆರೆದದ್ದು 2022ರ ಜನವರಿಯಲ್ಲಿ.

ದೂರದಿಂದ ಪಾಠ ಹೇಳುವುದು ಹೊಸದೇನಲ್ಲ. 1937ರಲ್ಲಿ ಪೋಲಿಯೊ ಭಯದಿಂದ ಶಿಕಾಗೊ ನಗರದ ಶಾಲೆಗಳು ಮುಚ್ಚಿದಾಗ ರೇಡಿಯೊದಲ್ಲಿ ಕಾಲು ಗಂಟೆಯ ಪಾಠಗಳು ಬಂದವು. ಪತ್ರಿಕೆಗಳು ವೇಳಾಪಟ್ಟಿ ಅಚ್ಚುಹಾಕಿದವು. ಒಳ್ಳೆಯ ಕೆಲಸ. ಆದರೆ ಅದು ಕೆಲವೇ ವಾರಗಳ ಮಾತಾಗಿತ್ತು.

ನಿಮ್ಮ ಮಗ ಕಲಿತ ಎಂದರೆ ನಂಬುತ್ತೇನೆ. ಹತ್ತನೆಯ ತರಗತಿಯ ಹುಡುಗನಿಗೆ ಪುಸ್ತಕ ಓದಿಕೊಳ್ಳಲು ಬರುತ್ತದೆ, ತಿಳಿಯದಿದ್ದರೆ ಕೇಳಲು ಗೊತ್ತಿರುತ್ತದೆ. ಎರಡನೆಯ ತರಗತಿಯ ಮಗುವಿನ ಪಕ್ಕ ಒಮ್ಮೆ ಕುಳಿತು ನೋಡಿ. ಕಳೆಯುವ ಲೆಕ್ಕದಲ್ಲಿ ಹತ್ತನ್ನು ಎರವಲು ತರಬೇಕಾದಲ್ಲಿ ಅದರ ಪೆನ್ಸಿಲ್ ನಿಲ್ಲುತ್ತದೆ. ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಬೆಂಚುಗಳ ನಡುವೆ ಓಡಾಡುವ ಶಿಕ್ಷಕಿಗೆ ಆ ನಿಂತ ಪೆನ್ಸಿಲ್ ಕಾಣುತ್ತದೆ. ಬಗ್ಗಿ ನೋಡುತ್ತಾರೆ, ಅಂಚಿನಲ್ಲಿ ಹತ್ತು ಗೀಟು ಹಾಕಿಸುತ್ತಾರೆ, ಲೆಕ್ಕ ಮುಂದೆ ಸಾಗುತ್ತದೆ. ಪರದೆಯಲ್ಲಿ ಅವರಿಗೆ ಕಾಣುವುದು ಮಗುವಿನ ಮುಖ. ಎಷ್ಟೋ ಸಲ ಕಪ್ಪು ಚೌಕದೊಳಗೆ ಹೆಸರು ಮಾತ್ರ. “ಅರ್ಥವಾಯಿತೇ?” ಎಂದರೆ ಎಲ್ಲ ಕಡೆಯಿಂದ “ಹೌದು” ಬರುತ್ತದೆ.

ಇಂಟರ್ನೆಟ್ ಮನೆಮನೆಗೆ ತಲುಪಿರುವ ನೆದರ್ಲೆಂಡ್ಸ್‌ನಲ್ಲಿ ಎಂಟು ವಾರ ಶಾಲೆ ಮುಚ್ಚಿತ್ತು. ಪ್ರಾಥಮಿಕ ಶಾಲೆಯ ಮಕ್ಕಳ ಪರೀಕ್ಷಾ ಫಲಿತಾಂಶ ನೋಡಿದ ಸಂಶೋಧಕರಿಗೆ, ಮನೆಯಿಂದ ಕಲಿತ ಆ ವಾರಗಳಲ್ಲಿ ಅವರು ಹೆಚ್ಚುಕಡಿಮೆ ಮುಂದೆ ಹೋಗಿಯೇ ಇರಲಿಲ್ಲವೆಂದು ಕಂಡಿತು. ಪೋಷಕರ ಓದು ಕಡಿಮೆಯಿದ್ದ ಮನೆಗಳಲ್ಲಿ ಪೆಟ್ಟು ಇನ್ನೂ ಜೋರು. ಇನ್ನು ಇಂಟರ್ನೆಟ್ಟೇ ಇಲ್ಲದವರು? ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2020ರಲ್ಲಿ ಹೇಳಿದಂತೆ, ಪ್ರಪಂಚದ 3ರಿಂದ 17 ವಯಸ್ಸಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳ ಮನೆಯಲ್ಲಿ ಅದು ಇರಲಿಲ್ಲ. 130 ಕೋಟಿ ಮಕ್ಕಳು.

“ಎಂದಾದರೂ ಕಲಿಯಬಹುದು” ಎಂಬ ಮಾತು ನನ್ನನ್ನು ಹೆಚ್ಚು ಕಲಕಿತು. 2014ರಲ್ಲಿ ಎಬೋಲಾ ಸಾಂಕ್ರಾಮಿಕದಿಂದಾಗಿ ಸಿಯೆರಾ ಲಿಯೋನ್ ದೇಶ ಶಾಲೆ ಮುಚ್ಚಿತು, ರೇಡಿಯೊ ಪಾಠ ನಡೆಸಿತು. 2015ರ ಏಪ್ರಿಲ್‌ನಲ್ಲಿ ಶಾಲೆ ತೆರೆದಾಗ ಗರ್ಭಿಣಿಯರಾಗಿದ್ದ ಹುಡುಗಿಯರನ್ನು ತರಗತಿಗೆ ಸೇರಿಸಲಿಲ್ಲ. ಆ ನಿಷೇಧ ಹೋದದ್ದು 2020ರಲ್ಲಿ. ರೇಡಿಯೊ ಗಣಿತ ಹೇಳಿಕೊಡಬಲ್ಲದು. ಹಗಲೆಲ್ಲ ಹುಡುಗಿಯೊಬ್ಬಳನ್ನು ಶಾಲೆಯಂತೆ ಕಾಪಾಡಲಾರದು.

ಹಾಗಾಗಿ ಚಿಕ್ಕ ಮಕ್ಕಳ ತರಗತಿ ಕೊನೆಗೆ ಮುಚ್ಚಲಿ, ಮೊದಲು ತೆರೆಯಲಿ. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಚಿಕ್ಕವರನ್ನು ಮೊದಲು ಕರೆಯಿತು: ಸಣ್ಣ ಗುಂಪುಗಳು, ಪದೇಪದೇ ಕೈ ತೊಳೆಯುವುದು, ಆದಷ್ಟೂ ಬಯಲಿನಲ್ಲಿ ಪಾಠ. ಮನೆಯಲ್ಲಿ ವಯಸ್ಸಾದವರೋ ಕಾಯಿಲೆಯವರೋ ಇದ್ದರೆ ಆ ಮಗುವಿಗೆ ಮನೆಯಿಂದಲೇ ಕಲಿಯುವ ಹಕ್ಕಿರಲಿ, ಹಾಜರಾತಿಯ ಬೆದರಿಕೆ ಬೇಡ. ಮಕ್ಕಳನ್ನೇ ಹೆಚ್ಚು ಕಾಡುವ ರೋಗ ಬಂದರೆ ನನ್ನ ಮಾತನ್ನು ನಾನೇ ಬದಲಿಸುತ್ತೇನೆ. ಆಗಲೂ, ಮುಚ್ಚುವ ಆದೇಶದಲ್ಲೇ ಅದನ್ನು ಮರುಪರಿಶೀಲಿಸುವ ದಿನಾಂಕ ಇರಬೇಕೆಂದು ಕೇಳುತ್ತೇನೆ.

ನಿಮ್ಮ ಮಗಳು ಈಗ ದೊಡ್ಡವಳಾಗಿದ್ದಾಳೆ. ಆ ವರ್ಷ ಅರ್ಥವಾಗದೆಯೂ “ಹೌದು” ಎಂದದ್ದು ಎಷ್ಟು ಸಲವೆಂದು ಅವಳನ್ನೇ ಕೇಳಿ, ನಮಗೆ ಬರೆಯಿರಿ. ಅವಳ ಉತ್ತರ ನಿಮ್ಮ ಪರವಾಗಿದ್ದರೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ